ಇಂಟ್ರಾನ್ ಕತ್ತರಿಸಿ ಬಿಸಾಡೋದೇ ಆದ್ರೆ, ಅದರೊಳಗಿನ ಒಂದು ಅಕ್ಷರ ಬದಲಾದ್ರೆ ಥಲಸ್ಸೀಮಿಯಾ ಯಾಕೆ ಬರುತ್ತೆ?

ಧಾರವಾಡ_ಮಳಿ:
ಎಲ್ಲಾರಿಗೂ ನಮಸ್ಕಾರ. ನನ್ನ ಮಗಳಿಗೆ ಬೀಟಾ ಥಲಸ್ಸೀಮಿಯಾ ಮೇಜರ್ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ, ಹುಟ್ಟಿನಿಂದ ಬರೋ ರಕ್ತದ ಕಾಯಿಲೆ) ಐತಿ. ಸಣ್ಣಾಕಿ ಇದ್ದಾಗಿಂದ ಮೂರು ವಾರಕ್ಕೊಮ್ಮೆ ರಕ್ತ ಹಾಕಸ್ತೀವಿ, ಕಬ್ಬಿಣ ಇಳಿಸೋ ಗುಳಗಿ ದಿನಾ ನಡದಾವ. ಈಗ ಪಿಯುಸಿ ಸೈನ್ಸ್ ಓದಾಕತ್ತಾಳ. ಮೊನ್ನೆ ತನ್ನ ಹಳೇ ಜೆನೆಟಿಕ್ ರಿಪೋರ್ಟ್ ತಾನ ತಗದು ಓದ್ಯಾಳ. ಅದರಾಗ "ಐವಿಎಸ್ 1-5 ಜಿ>ಸಿ, ಹೋಮೋಜೈಗಸ್" (ಅಂದ್ರ ಅಪ್ಪ ಅವ್ವ ಇಬ್ಬರಿಂದ ಬಂದ ಎರಡೂ ಪ್ರತಿಯೊಳಗ ಅದ ಬದಲಾವಣಿ) ಅಂತ ಬರದಾರ. ಐವಿಎಸ್ ಅಂದ್ರ ಇಂಟ್ರಾನ್ ಅಂತ ಹುಡುಕಿ ತಿಳಕೊಂಡು ನನಗ ಕೇಳಿದ್ದು ಹಿಂಗ: "ಅಪ್ಪಾ, ಇಂಟ್ರಾನ್ ಕತ್ತರಿಸಿ ಒಗೀತಾವ, ಪ್ರೋಟೀನ್ ಒಳಗ ಅದು ಬರೋದ ಇಲ್ಲ ಅಂತ ಪುಸ್ತಕದಾಗ ಐತಿ. ಒಗಿಯೋ ತುಣುಕಿನಾಗ ಒಂದು ಅಕ್ಷರ ಬದಲಾದ್ರ ನನ್ನ ಹಿಮೋಗ್ಲೋಬಿನ್ ಯಾಕ ಕೆಡಬೇಕು?"

ನಂದು ಬಿಕಾಂ. ಉತ್ತರ ಹೇಳಾಕ ಆಗಲಿಲ್ಲ. ಡಾಕ್ಟರ್‌ಗೆ ಕೇಳೋಣ ಅಂದ್ರ ಓಪಿಡಿ ಒಳಗ ಅವರಿಗೂ ಟೈಮ್ ಇರಂಗಿಲ್ಲ. ಆಕಿಗೆ ತಿಳಿಯೋ ಹಂಗ ಯಾರರೆ ಹೇಳ್ರಿ. ಬರೇ ಸಮಾಧಾನದ ಮಾತು ಬ್ಯಾಡ, ಆಕಿಗೆ ಖರೇನ ತಿಳಕೋಬೇಕಾಗೈತಿ.

ನೀಟ್_ಮತ್ತೊಮ್ಮೆ:
ಇಂಟ್ರಾನ್ ಜಂಕ್ ತಾನೆ ಸರ್? ಲ್ಯಾಬ್‌ನವರು ತಪ್ಪು ಬರೆದಿರಬಹುದು. ಇನ್ನೊಂದು ಕಡೆ ಮಾಡಿಸಿ ನೋಡಿ.

ಮಕ್ಕಳ_ಡಾಕ್ಟ್ರು:
ದಯವಿಟ್ಟು ಹಾಗೆ ಹೇಳಿ ಅವರಿಗೆ ಮತ್ತೆ ಖರ್ಚು ತರಬೇಡಿ. ರಿಪೋರ್ಟ್ ಸರಿಯಾಗೇ ಇದೆ. ನಮ್ಮ ದೇಶದ ಬೀಟಾ ಥಲಸ್ಸೀಮಿಯಾದಲ್ಲಿ ಅತಿ ಹೆಚ್ಚು ಸಿಗೋ ಮ್ಯುಟೇಷನ್ನೇ ಐವಿಎಸ್ 1-5 ಜಿ>ಸಿ. ಅದು ಒಳಗೆ ಏನು ಮಾಡುತ್ತೆ ಅಂತ ಲ್ಯಾಬ್ ಕಡೆಯವರು ಯಾರಾದ್ರೂ ಬಿಡಿಸಿ ಹೇಳಿ, ಆಮೇಲೆ ನಾನು ಸೇರಿಕೊಳ್ತೀನಿ.

ಬೆಂಚ್_ಮುಂದೆ:
ಬರೀತೀನಿ. ಸ್ವಲ್ಪ ಉದ್ದ ಆಗುತ್ತೆ, ಮಗಳು ನಿಧಾನವಾಗಿ ಓದಲಿ.

ಬೀಟಾ ಗ್ಲೋಬಿನ್ ಜೀನ್ ಇರೋದು 11ನೇ ಕ್ರೋಮೋಸೋಮ್‌ನಲ್ಲಿ. ಚಿಕ್ಕ ಜೀನ್, ಸುಮಾರು 1,600 ಅಕ್ಷರ. ಮೂರು ಎಕ್ಸಾನ್ (ಉಳಿಯೋ ತುಂಡು), ನಡುವೆ ಎರಡು ಇಂಟ್ರಾನ್ (ಕತ್ತರಿಸಿ ಹೋಗೋ ತುಂಡು). ಆರ್‌ಎನ್‌ಎ ಪಾಲಿಮರೇಸ್ ನಕಲು ಮಾಡುವಾಗ ಯಾವುದು ಬೇಕು, ಯಾವುದು ಬೇಡ ಅಂತ ಆರಿಸಲ್ಲ. ಇಂಟ್ರಾನ್ ಸಮೇತ ಪೂರ್ತಿ ಬರೆಯುತ್ತೆ. ಆಮೇಲೆ 130 ಅಕ್ಷರದ ಮೊದಲ ಇಂಟ್ರಾನ್, 850 ಅಕ್ಷರದ ಎರಡನೇ ಇಂಟ್ರಾನ್ ಹೊರಗೆ ಹೋಗಿ, ಉಳಿದ ತುಂಡುಗಳು ಕೂಡಿ ಪ್ರೋಟೀನ್ ಕಟ್ಟೋಕೆ ಕೋಶ ಓದೋ, ಸುಮಾರು 630 ಅಕ್ಷರದ ಎಂಆರ್‌ಎನ್‌ಎ ಆಗುತ್ತೆ. ಅಂದ್ರೆ ಬರೆದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಕಳೆದುಹೋಗುತ್ತೆ.

ಈಗ ಮುಖ್ಯ ಪ್ರಶ್ನೆ. ಎಲ್ಲಿ ಕತ್ತರಿಸಬೇಕು ಅಂತ ಕೋಶಕ್ಕೆ ಹೇಗೆ ಗೊತ್ತು? ಆ ಗುರುತಿನ ಬಹುಭಾಗ ಇರೋದು ಇಂಟ್ರಾನ್‌ನ ಒಳಗೇ. ಇಂಟ್ರಾನ್ ಹೆಚ್ಚುಕಮ್ಮಿ ಯಾವಾಗಲೂ ಜಿಯು ಅಂತ ಶುರುವಾಗುತ್ತೆ, ಎಜಿ ಅಂತ ಮುಗಿಯುತ್ತೆ. ಶುರುವಿನ ಆರು ಅಕ್ಷರ ಜಿಯುಎಎಜಿಯು ಆಗಿದ್ರೆ ಅತ್ಯುತ್ತಮ. ಇದನ್ನ ಗುರುತಿಸೋದು ಯು1 ಅನ್ನೋ ಪುಟ್ಟ ಆರ್‌ಎನ್‌ಎ. ಅದರ ತುದಿಯ ಅಕ್ಷರಗಳು ಈ ಅಕ್ಷರಗಳ ಜೊತೆ ಜೋಡಿ ಕಟ್ಟುತ್ತವೆ, ಜಿ ಎದುರು ಸಿ, ಯು ಎದುರು ಎ. ಯು1 ಕೂತ ಮೇಲೆ ಯು2, ಯು4, ಯು5, ಯು6 ಮತ್ತೆ ಹತ್ತಾರು ಪ್ರೋಟೀನ್‌ಗಳು ಬಂದು ಸ್ಪ್ಲೈಸಿಯೋಸೋಮ್ ಅನ್ನೋ ಕತ್ತರಿ ಆಗುತ್ತೆ, ಕತ್ತರಿಸಿ ಕೂಡಿಸುತ್ತೆ (ಇದೇ ಸ್ಪ್ಲೈಸಿಂಗ್).

ಬೀಟಾ ಗ್ಲೋಬಿನ್‌ನ ಮೊದಲ ಇಂಟ್ರಾನ್ ಶುರುವಾಗೋದು ಜಿಯುಯುಜಿಜಿಯು ಅಂತ. ಮೂರನೇ ಜಾಗದಲ್ಲಿ ಎ ಬದಲು ಯು, ನಾಲ್ಕನೇದರಲ್ಲಿ ಎ ಬದಲು ಜಿ ಇದೆ ನೋಡಿ. ಅಂದ್ರೆ ಆರೋಗ್ಯವಂತರಲ್ಲೂ ಇಲ್ಲಿ ಯು1ನ ಹಿಡಿತ ಅಷ್ಟೇನೂ ಬಿಗಿ ಇಲ್ಲ. ಅಂಥ ಕಡೆ ಐದನೇ ಜಿ ತುಂಬಾ ಮುಖ್ಯ, ಅದು ಯು1ನ ಒಂದು ಸಿ ಜೊತೆ ಗಟ್ಟಿಯಾಗಿ ಕೂಡುತ್ತೆ. ನಿಮ್ಮ ಮಗಳಲ್ಲಿ ಆ ಜಿ ಜಾಗದಲ್ಲಿ ಸಿ ಬಂದಿದೆ (1-5 ಅಂದ್ರೆ ಒಂದನೇ ಇಂಟ್ರಾನ್‌ನ ಐದನೇ ಅಕ್ಷರ). ಸಿ ಎದುರು ಸಿ ಜೋಡಿ ಆಗಲ್ಲ. ಯು1 ನಿಲ್ಲಲ್ಲ.

ಆಗ ಕತ್ತರಿ ಸುಮ್ನೆ ಕೂರೋದೂ ಇಲ್ಲ. ಅಕ್ಕಪಕ್ಕದಲ್ಲಿ ಹೆಚ್ಚುಕಮ್ಮಿ ಅಂಥದೇ ಗುರುತು ಹುಡುಕಿ ಅಲ್ಲಿ ಕತ್ತರಿಸುತ್ತೆ. ಅಂಥ ಮೂರು ಜಾಗ ಗೊತ್ತಿದೆ: ಸರಿಯಾದ ಜಾಗಕ್ಕಿಂತ 38 ಅಕ್ಷರ ಹಿಂದೆ, 16 ಅಕ್ಷರ ಹಿಂದೆ, 13 ಅಕ್ಷರ ಮುಂದೆ. ಮಗಳಿಗೆ ಒಂದು ಲೆಕ್ಕ ಮಾಡೋಕೆ ಹೇಳಿ. 38, 16, 13, ಇದರಲ್ಲಿ ಯಾವುದು 3ರಿಂದ ಭಾಗ ಆಗುತ್ತೆ?

ನೀಟ್_ಮತ್ತೊಮ್ಮೆ:
ಯಾವುದೂ ಇಲ್ಲ! ಫ್ರೇಮ್ ಶಿಫ್ಟ್!!

ಬೆಂಚ್_ಮುಂದೆ:
ಅದೇ. ಪ್ರೋಟೀನ್ ಕಟ್ಟೋ ರೈಬೋಸೋಮ್ ಮೂರು ಮೂರು ಅಕ್ಷರ ಓದೋದ್ರಿಂದ ಮುಂದಿನದೆಲ್ಲ ಬೇರೆಯೇ ಆಗುತ್ತೆ, ಹೊತ್ತಲ್ಲದ ಹೊತ್ತಲ್ಲಿ ಸ್ಟಾಪ್ ಕೋಡಾನ್ (ಇಲ್ಲಿಗೆ ನಿಲ್ಲಿಸು ಅನ್ನೋ ಮೂರು ಅಕ್ಷರ) ಎದುರಾಗುತ್ತೆ. ಅಂಥ ಆರ್‌ಎನ್‌ಎಯನ್ನ ಕೋಶವೇ ಪತ್ತೆ ಹಚ್ಚಿ ಒಡೆದುಹಾಕುತ್ತೆ. ಜೀನ್‌ನಲ್ಲಿ 146 ಅಮೈನೋ ಆಮ್ಲದ ಬರಹ ಒಂದು ಅಕ್ಷರವೂ ಬದಲಾಗದೆ ಹಾಗೇ ಇದೆ, ಆದ್ರೂ ಪ್ರೋಟೀನ್ ಬರಲ್ಲ.

ಆದ್ರೆ ಆಗೊಮ್ಮೆ ಈಗೊಮ್ಮೆ ಯು1 ಸರಿಯಾದ ಜಾಗದಲ್ಲೇ ಕೂರುತ್ತೆ. ಅದಕ್ಕೇ ಇದನ್ನ ಬೀಟಾ ಪ್ಲಸ್ (ಸ್ವಲ್ಪ ಬರುತ್ತೆ) ಅಂತಾರೆ, ಬೀಟಾ ಝೀರೋ (ಏನೂ ಬರಲ್ಲ) ಅಲ್ಲ.

ಟೈಲರ್_ಅಂಗಡಿ_ಓಣಿ:
ನಮ್ಮಲ್ಲಿ ಬಟ್ಟೆ ಕತ್ತರಿಸುವಾಗ ಸೀಮೆಸುಣ್ಣದ ಗೆರೆ ಎಷ್ಟೋ ಸಲ ಬಿಸಾಡೋ ಚಿಂದಿಯ ಕಡೆಗೇ ಇರುತ್ತೆ. ಗೆರೆ ಅಳಿಸಿಹೋದ್ರೆ ಚಿಂದಿ ಕೆಡಲ್ಲ, ಅಂಗಿ ಕೆಡುತ್ತೆ. ಹೀಗೇ ತಾನೆ?

ಬೆಂಚ್_ಮುಂದೆ:
ಹೌದು ಅಣ್ಣಾ, ಇದಕ್ಕಿಂತ ಸರಳವಾಗಿ ನನಗೆ ಹೇಳೋಕೆ ಬರ್ತಿರಲಿಲ್ಲ.

ಮಕ್ಕಳ_ಡಾಕ್ಟ್ರು:
ಇದಕ್ಕೆ ರೋಗಿಗಳಲ್ಲೇ ಸಾಕ್ಷಿ ಇದೆ. ಅದೇ ಇಂಟ್ರಾನ್‌ನ ಮೊದಲ ಅಕ್ಷರ ಜಿ ಹೋಗಿ ಟಿ ಬಂದ್ರೆ (ಐವಿಎಸ್ 1-1, ಇದೂ ನಮ್ಮ ದೇಶದಲ್ಲಿ ಸಿಗುತ್ತೆ; ಡಿಎನ್‌ಎಯ ಟಿ ಅಂದ್ರೆ ಆರ್‌ಎನ್‌ಎಯ ಯು) ಸರಿಯಾದ ಬೀಟಾ ಸರಪಳಿ ಒಂದೂ ಬರಲ್ಲ. ಐದನೇದು ಕೆಟ್ಟರೆ ಒಂದಿಷ್ಟು ಬರುತ್ತೆ, ಆದ್ರೆ ತೀರಾ ಕಮ್ಮಿ. ಆರನೇ ಅಕ್ಷರ ಕೆಟ್ಟರೆ ಕಾಯಿಲೆ ಸೌಮ್ಯ, ಮೆಡಿಟರೇನಿಯನ್ ಸುತ್ತಮುತ್ತ ಇದು ಜಾಸ್ತಿ. ಒಂದೇ ಗುರುತಿನ ಮೂರು ಅಕ್ಷರ, ಮೂರು ಥರದ ಬದುಕು. ಎಷ್ಟು ಬಿಗಿಯಾಗಿ ಯು1 ಕೂರುತ್ತೆ ಅನ್ನೋದು ಮಗುವಿಗೆ ಎಷ್ಟು ರಕ್ತ ಬೇಕು ಅನ್ನೋದರಲ್ಲಿ ಕಾಣುತ್ತೆ.

ಇನ್ನೂ ಒಂದು. ಬಂಗಾಳ, ಈಶಾನ್ಯ ರಾಜ್ಯಗಳ ಕಡೆ ಹಿಮೋಗ್ಲೋಬಿನ್ ಇ ಸಾಮಾನ್ಯ. 26ನೇ ಕೋಡಾನ್‌ನಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ಲೈಸಿನ್ ಬರುತ್ತೆ. ಅದನ್ನ ಬರೀ ಅಮೈನೋ ಆಮ್ಲದ ಬದಲಾವಣೆ ಅಂದುಕೊಳ್ತಾರೆ. ಆದ್ರೆ ಅದೇ ಅಕ್ಷರ ಎಕ್ಸಾನ್ ಒಳಗೆ ಮಲಗಿದ್ದ ಒಂದು ಕಳ್ಳ ಸ್ಪ್ಲೈಸ್ ಜಾಗವನ್ನೂ ಎಬ್ಬಿಸುತ್ತೆ, ಅದಕ್ಕೇ ಇ ಸರಪಳಿ ತಯಾರಾಗೋದೂ ಕಮ್ಮಿ.

ಪಿಯು_ಮೇಷ್ಟ್ರು:
ನಾನು ಇದೇ ಪಾಠ ಮಾಡೋನು. ಒಂದು ಮಾತು ಹೇಳಲೇಬೇಕು. ಡಿಎನ್‌ಎಯಿಂದ ಆರ್‌ಎನ್‌ಎ, ಆರ್‌ಎನ್‌ಎಯಿಂದ ಪ್ರೋಟೀನ್ ಅಂತ ಎರಡು ಬಾಣ ಬೋರ್ಡ್ ಮೇಲೆ ಹಾಕಿದ ಕೂಡಲೇ ಮಕ್ಕಳ ತಲೆಯಲ್ಲಿ ಆರ್‌ಎನ್‌ಎ ಬರೀ ಸುದ್ದಿ ಮುಟ್ಟಿಸೋದು ಅಂತ ಕೂತುಬಿಡುತ್ತೆ. ಪರೀಕ್ಷೆಯಲ್ಲೂ ಕಿಣ್ವದ ಹೆಸರು ಕೇಳ್ತಾರೆ, ಚಿತ್ರ ಕೇಳ್ತಾರೆ. ಮಧ್ಯದಲ್ಲಿ ಎಷ್ಟೊಂದು ತೀರ್ಮಾನ ಆಗುತ್ತೆ ಅಂತ ಯಾರೂ ಕೇಳಲ್ಲ.

ಇದಕ್ಕೆ ಚರಿತ್ರೆಯೂ ಕಾರಣ. 1961ರಲ್ಲಿ ಎಂಆರ್‌ಎನ್‌ಎ ಇದೆ ಅಂತ ಸಾಬೀತಾಗಿದ್ದು ಬ್ಯಾಕ್ಟೀರಿಯಾದಲ್ಲಿ. ಅದೇ ವರ್ಷ ನಿರೆನ್‌ಬರ್ಗ್ ಮತ್ತು ಮತ್ತೈ ಬರೀ ಯು ಅಕ್ಷರದ ಆರ್‌ಎನ್‌ಎ ಕೊಟ್ಟು, ಬರೀ ಫೀನೈಲ್‌ಅಲನಿನ್‌ನ ಸರಪಳಿ ಬರೋದನ್ನ ತೋರಿಸಿದ್ದೂ ಬ್ಯಾಕ್ಟೀರಿಯಾದ ರಸದಲ್ಲೇ. ನಮ್ಮ ಹರಗೋಬಿಂದ್ ಖೊರಾನಾ ಯುಸಿಯುಸಿ ಅಂತ ಪುನರಾವರ್ತನೆ ಆಗೋ ಆರ್‌ಎನ್‌ಎಯಿಂದ ಸೆರಿನ್, ಲ್ಯೂಸಿನ್ ಒಂದಾದ ಮೇಲೊಂದು ಬರೋದನ್ನ ತೋರಿಸಿದ್ರು, 1968ರಲ್ಲಿ ನೊಬೆಲ್ ಬಂತು. ಬ್ಯಾಕ್ಟೀರಿಯಾದ ಪ್ರೋಟೀನ್ ಜೀನ್‌ಗಳಲ್ಲಿ ಇಂಥ ಇಂಟ್ರಾನ್‌ಗಳ ಕಾಟ ಇಲ್ಲ. 1977ರಲ್ಲಿ ಅಡಿನೋವೈರಸ್ ನೋಡ್ತಾ ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ತಂಡಗಳು ಜೀನ್ ತುಂಡು ತುಂಡಾಗಿರುತ್ತೆ ಅಂತ ಕಂಡಾಗ ಎಲ್ಲರಿಗೂ ಆಶ್ಚರ್ಯ. ನಮ್ಮ ಪಾಠ ಇನ್ನೂ 1961ರ ಧಾಟಿಯಲ್ಲೇ ನಡೀತಿದೆ ಅನ್ನೋದು ನನ್ನ ಬೇಸರ.

ಪ್ರಶ್ನೆ_ಕೇಳೋನು:
ಎಲ್ಲ ಸರಿ. ಆದ್ರೆ ಕೆಂಪು ರಕ್ತಕಣದಲ್ಲಿ ನ್ಯೂಕ್ಲಿಯಸ್ಸೇ ಇಲ್ಲ. ಡಿಎನ್‌ಎ ಇಲ್ಲ, ಜೀನ್ ಇಲ್ಲ, ಕತ್ತರಿನೂ ಇಲ್ಲ. ಮತ್ತೆ ಈ ಕಥೆ ಎಲ್ಲಿ ನಡೆಯುತ್ತೆ? ಟೆಸ್ಟ್‌ಗೆ ಡಿಎನ್‌ಎ ಎಲ್ಲಿಂದ ತೆಗೆದ್ರು?

ಬೆಂಚ್_ಮುಂದೆ:
ಟೆಸ್ಟ್‌ಗೆ ಬಿಳಿ ರಕ್ತಕಣದ ಡಿಎನ್‌ಎ. ಕತ್ತರಿಸೋ ಕೆಲಸ ಮೂಳೆಮಜ್ಜೆಯಲ್ಲಿ, ಕಣ ಇನ್ನೂ ಎಳೆಯದಾಗಿದ್ದು ನ್ಯೂಕ್ಲಿಯಸ್ ಇರೋವಾಗ. ಆಮೇಲೆ ಕಣ ನ್ಯೂಕ್ಲಿಯಸ್ ಹೊರಗೆ ಹಾಕಿ ರೆಟಿಕ್ಯುಲೋಸೈಟ್ (ಇನ್ನೂ ಪೂರ್ತಿ ಬಲಿಯದ ಕೆಂಪು ಕಣ) ಆಗಿ ರಕ್ತಕ್ಕೆ ಬರುತ್ತೆ. ಆಗ ಜೀನ್ ಇಲ್ಲ, ಆದ್ರೆ ಗ್ಲೋಬಿನ್ ಎಂಆರ್‌ಎನ್‌ಎ ಉಳಿದಿರುತ್ತೆ. ಅದು ತುಂಬಾ ಗಟ್ಟಿ ಜೀವ. ಕೆಲವು ಎಂಆರ್‌ಎನ್‌ಎಗಳು ನಿಮಿಷಗಳಲ್ಲಿ ಮುಗಿದುಹೋದ್ರೆ, ಇದು ಆಮೇಲೂ ಒಂದೆರಡು ದಿನ ಹಿಮೋಗ್ಲೋಬಿನ್ ಕಟ್ಟಿಸ್ತಾನೇ ಇರುತ್ತೆ. ಯಾವ ಆರ್‌ಎನ್‌ಎ ಎಷ್ಟು ಹೊತ್ತು ಬದುಕುತ್ತೆ ಅನ್ನೋದೂ ಜೀನ್‌ನ ಅಭಿವ್ಯಕ್ತಿಯ ಒಂದು ಭಾಗವೇ, ಪಾಠದಲ್ಲಿ ಇದಕ್ಕೆ ಸಿಗೋದು ಅರ್ಧ ಸಾಲು.

ನೀಟ್_ಮತ್ತೊಮ್ಮೆ:
ಒಂದು ಡೌಟ್. ಆರ್‌ಆರ್‌ಎನ್‌ಎ ಬರೀ ರೈಬೋಸೋಮ್‌ನ ಆಕಾರಕ್ಕೆ ಆಧಾರ, ಕೆಲಸ ಮಾಡೋದು ಪ್ರೋಟೀನ್, ಸರಿನಾ?

ಪಿಯು_ಮೇಷ್ಟ್ರು:
ತಲೆಕೆಳಗು. ಅಮೈನೋ ಆಮ್ಲಗಳನ್ನ ಬೆಸೆಯೋದೇ ಆರ್‌ಎನ್‌ಎ. ಬೆಸುಗೆ ಆಗೋ ಜಾಗದಲ್ಲಿ ಪ್ರೋಟೀನ್ ಇಲ್ಲ ಅಂತ 2000ದ ಹೊತ್ತಿಗೆ ರಚನೆ ನೋಡಿಯೇ ಗೊತ್ತಾಯ್ತು. ಆ ಆರ್‌ಎನ್‌ಎಯ ಹೆಸರು ಬ್ಯಾಕ್ಟೀರಿಯಾದಲ್ಲಿ 23ಎಸ್, ನಮ್ಮಲ್ಲಿ 28ಎಸ್. ಪರೀಕ್ಷೆಗೆ "ರೈಬೋಝೈಮ್" (ಕಿಣ್ವದ ಕೆಲಸ ಮಾಡೋ ಆರ್‌ಎನ್‌ಎ) ಅಂತ ನೆನಪಿಟ್ಕೋ. ವೆಂಕಿ ರಾಮಕೃಷ್ಣನ್, ಥಾಮಸ್ ಸ್ಟೈಟ್ಜ್, ಅದಾ ಯೋನಾತ್, ರೈಬೋಸೋಮ್ ರಚನೆಗೆ 2009ರ ನೊಬೆಲ್.

ಬೆಂಚ್_ಮುಂದೆ:
ಟಿಆರ್‌ಎನ್‌ಎ (ಅಮೈನೋ ಆಮ್ಲ ಹೊತ್ತು ತರೋ ಆರ್‌ಎನ್‌ಎ) ಬಿಟ್ರೆ ನನಗೆ ಸಮಾಧಾನ ಇಲ್ಲ :) ಸರಪಳಿಯ ಮೊದಲ ಮೆಥಿಯೋನಿನ್ ತರೋ ಇನಿಷಿಯೇಟರ್ ಟಿಆರ್‌ಎನ್‌ಎ ಬೇರೆಯದೇ. ಅದರ ಆಂಟಿಕೋಡಾನ್ (ಕೋಡಾನ್ ಜೊತೆ ಜೋಡಿ ಆಗೋ ಮೂರು ಅಕ್ಷರ) ಇರೋ ಕಾಂಡದಲ್ಲಿ ಸಾಲಾಗಿ ಮೂರು ಜಿ-ಸಿ ಜೋಡಿ ಇರುತ್ತೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಉಮೇಶ್ ವಾರ್ಷ್ಣೇಯ ಅವರ ಲ್ಯಾಬ್ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಇಂಥದ್ದು ನಮ್ಮೂರಲ್ಲೇ ನಡೆದಿದೆ ಅಂತ ಪಿಯು ಮಕ್ಕಳಿಗೆ ಯಾರೂ ಹೇಳಲ್ಲ.

ಪ್ರಶ್ನೆ_ಕೇಳೋನು:
ಆರ್‌ಎನ್‌ಎ ಇಷ್ಟು ಶಕ್ತಿಶಾಲಿ ಅಂದ್ರೆ ಕೋವಿಡ್ ಟೈಮಲ್ಲಿ ನಮಗೆಲ್ಲ ಆರ್‌ಎನ್‌ಎ ಲಸಿಕೆ ಚುಚ್ಚಿದ್ರಲ್ಲ, ಅದು ನಮ್ಮ ಜೀನ್‌ಗೆ ಏನೂ ಮಾಡಲ್ಲ ಅಂತ ಹೇಗೆ ನಂಬೋದು?

ಮಕ್ಕಳ_ಡಾಕ್ಟ್ರು:
ಮೊದಲನೇದಾಗಿ ಕರ್ನಾಟಕದಲ್ಲಿ ಬಹುಪಾಲು ಜನ ತಗೊಂಡಿದ್ದು ಕೋವಿಶೀಲ್ಡ್, ಕೋವ್ಯಾಕ್ಸಿನ್. ಎರಡೂ ಎಂಆರ್‌ಎನ್‌ಎ ಲಸಿಕೆ ಅಲ್ಲ. ಕೋವ್ಯಾಕ್ಸಿನ್ ನಿಷ್ಕ್ರಿಯಗೊಳಿಸಿದ ವೈರಸ್. ಕೋವಿಶೀಲ್ಡ್‌ನಲ್ಲಿ ಇದ್ದದ್ದು ಚಿಂಪಾಂಜಿ ಅಡಿನೋವೈರಸ್, ಅದರೊಳಗೆ ಡಿಎನ್‌ಎ. ಪುಣೆಯ ಜೆನೋವಾದ ಎಂಆರ್‌ಎನ್‌ಎ ಲಸಿಕೆಗೆ ತುರ್ತು ಬಳಕೆಯ ಅನುಮತಿ ಸಿಕ್ಕಿದ್ದೇ 2022ರ ಜೂನ್‌ನಲ್ಲಿ.

ಎರಡನೇದು, ಎಂಆರ್‌ಎನ್‌ಎ ಕೆಲಸ ಮಾಡೋದು ನ್ಯೂಕ್ಲಿಯಸ್ ಹೊರಗೆ, ರೈಬೋಸೋಮ್ ಮೇಲೆ. ಪ್ರೋಟೀನ್ ಕಟ್ಟಿಸಿ ಒಡೆದುಹೋಗುತ್ತೆ. ಮಾಮೂಲಿ ಎಂಆರ್‌ಎನ್‌ಎ ಹೊರಗಿಂದ ಹಾಕಿದ್ರೆ ದೇಹ ಶತ್ರು ಅಂತ ತಿರುಗಿಬೀಳುತ್ತೆ. ಯು ಬದಲು ಸ್ಯೂಡೋಯುರಿಡಿನ್ (ಯು ಅಕ್ಷರದ್ದೇ ಸ್ವಲ್ಪ ಬದಲಾದ ರೂಪ) ಹಾಕಿದ್ರೆ ಅದು ತಣ್ಣಗಾಗುತ್ತೆ ಅಂತ 2005ರಲ್ಲಿ ಕ್ಯಾಟಲಿನ್ ಕರಿಕೊ ಮತ್ತು ಡ್ರೂ ವೈಸ್‌ಮನ್ ತೋರಿಸಿದ್ರು, 2023ರ ನೊಬೆಲ್ ಅದಕ್ಕೇ.

ಬೆಂಚ್_ಮುಂದೆ:
ಆ ಸ್ಯೂಡೋಯುರಿಡಿನ್ ಹೊಸ ಕೆಮಿಕಲ್ ಏನಲ್ಲ. ಮೇಲೆ ಹೇಳಿದ ಯು1 ಆರ್‌ಎನ್‌ಎಯ ತುದಿಯಲ್ಲೇ ಎರಡು ಇವೆ. ನಮ್ಮ ಕೋಶದ ಹಳೇ ಸಾಮಾನು.

ಪಪ್ಪಾಯಿ_ಬೆಳೆಗಾರ:
ನಾನು ಚಿತ್ರದುರ್ಗ ಕಡೆಯವನು. ಪಪ್ಪಾಯಿಗೆ ಉಂಗುರ ಚುಕ್ಕೆ ರೋಗ ಬಂದು ತೋಟ ಪೂರ್ತಿ ಹೋಗುತ್ತೆ. ಅದೂ ಆರ್‌ಎನ್‌ಎ ವೈರಸ್ ಅಂತ ಕೃಷಿ ಇಲಾಖೆಯವರು ಹೇಳಿದ್ರು. ಅದಕ್ಕೇನಾದ್ರೂ?

ಬೆಂಚ್_ಮುಂದೆ:
ಹೌದು, ಆರ್‌ಎನ್‌ಎ ವೈರಸ್ಸೇ, ಸಸ್ಯಹೇನಿನಿಂದ ಹರಡುತ್ತೆ. ಹವಾಯಿಯಲ್ಲಿ 1998ರಿಂದ ರೈನ್‌ಬೋ ಅನ್ನೋ ಕುಲಾಂತರಿ ಪಪ್ಪಾಯಿ ಬೆಳೀತಾರೆ. ವೈರಸ್‌ನ ಜೀನ್‌ನ ಒಂದು ಭಾಗ ಗಿಡದಲ್ಲೇ ಇರೋದ್ರಿಂದ, ಗಿಡ ಅದಕ್ಕೆ ಹೊಂದೋ ಆರ್‌ಎನ್‌ಎಯನ್ನ ಗುರುತಿಸಿ ತುಂಡರಿಸುತ್ತೆ. ನಮ್ಮಲ್ಲಿ ಅದರ ಕೃಷಿಗೆ ಅವಕಾಶ ಇಲ್ಲ. ಸದ್ಯಕ್ಕೆ ರೋಗ ಬಂದ ಗಿಡ ಕಿತ್ತು ಹಾಕೋದು, ಹೇನು ತಡೆಯೋದು, ಶುದ್ಧ ಸಸಿ, ಅಷ್ಟೇ. ಬೇರೆ ಎಳೆ ಶುರು ಮಾಡಿ ಸರ್, ಅಲ್ಲಿ ಮಾತಾಡೋಣ.

ಧಾರವಾಡ_ಮಳಿ:
ಎಲ್ಲಾ ಓದಿದ್ಲು. ಎರಡೆರಡು ಸಲ. ಮ್ಯಾಲೆ ಬರದಿರೋ ಆರು ಅಕ್ಷರ ಹಾಳಿ ಮ್ಯಾಲೆ ಬರಕೊಂಡು ಯು1 ಎದುರಿಗೆ ಜೋಡಿಸಿ ನೋಡ್ಯಾಳ. ಇನ್ನ ಆಕಿ ಪ್ರಶ್ನೆ: "ಒಂದಿಷ್ಟು ಸರಿ ಆರ್‌ಎನ್‌ಎ ಬರ್ತೈತಿ ಅಂದ್ರಿ. ಹಂಗಾದ್ರ ಹಿಮೋಗ್ಲೋಬಿನ್ ಸ್ವಲ್ಪ ಕಡಿಮಿ ಆಗಬೇಕಿತ್ತು ಅಷ್ಟ. ಇಷ್ಟು ರಕ್ತ ಯಾಕ ಬೇಕಾಗತೈತಿ? ಮತ್ತ ಹುಟ್ಟಿದಾಗ ನಾ ಆರಾಮ ಇದ್ದೆ ಅಂತಾರ, ಆಗ ಮ್ಯುಟೇಷನ್ ಇರಲಿಲ್ಲೇನು?"

ಮಕ್ಕಳ_ಡಾಕ್ಟ್ರು:
ಎರಡೂ ಒಳ್ಳೇ ಪ್ರಶ್ನೆ ಪುಟ್ಟಾ.

ಮೊದಲನೇದು. ಹಿಮೋಗ್ಲೋಬಿನ್‌ಗೆ ಎರಡು ಆಲ್ಫಾ, ಎರಡು ಬೀಟಾ ಸರಪಳಿ ಬೇಕು. ಆಲ್ಫಾ ಜೀನ್‌ಗಳು 16ನೇ ಕ್ರೋಮೋಸೋಮ್‌ನಲ್ಲಿವೆ, ಒಟ್ಟು ನಾಲ್ಕು, ನಿನ್ನಲ್ಲಿ ಅವು ಚೆನ್ನಾಗೇ ಕೆಲಸ ಮಾಡ್ತಿವೆ. ಜೊತೆ ಸಿಗದ ಆಲ್ಫಾ ಸರಪಳಿಗಳು ಕಣದೊಳಗೆ ಗಟ್ಟಿಯಾಗಿ ಗಂಟು ಕಟ್ಟಿ ಕಣವನ್ನ ಮಜ್ಜೆಯಲ್ಲೇ ಸಾಯಿಸುತ್ತವೆ. ಅಂದ್ರೆ ಬೀಟಾ ಕಮ್ಮಿ ಆಗಿರೋದಷ್ಟೇ ಅಲ್ಲ, ಆಲ್ಫಾ ಹೆಚ್ಚಾಗಿರೋದು ಕಾಯಿಲೆಯ ದೊಡ್ಡ ಭಾಗ. ಇದೇ ಮ್ಯುಟೇಷನ್ ಜೊತೆ ಆಲ್ಫಾ ಜೀನ್ ಒಂದೆರಡು ಕಮ್ಮಿ ಇರೋ ಮಕ್ಕಳಿಗೆ ಕಾಯಿಲೆ ಸೌಮ್ಯ ಆಗಿರೋದುಂಟು.

ಎರಡನೇದು. ಮ್ಯುಟೇಷನ್ ಮೊದಲಿಂದ ಇತ್ತು. ಹೊಟ್ಟೆಯಲ್ಲಿರೋ ಮಗು ಬೀಟಾ ಬದಲು ಗಾಮಾ ಗ್ಲೋಬಿನ್ ಜೀನ್ ಬಳಸುತ್ತೆ. ಹುಟ್ಟಿದ ಮೇಲೆ ತಿಂಗಳುಗಟ್ಟಲೆ ನಿಧಾನವಾಗಿ ಗಾಮಾ ಇಳಿದು ಬೀಟಾ ಏರಬೇಕು. ನಿನ್ನಲ್ಲಿ ಗಾಮಾ ಇಳೀತು, ಬೀಟಾ ಏರಲಿಲ್ಲ. ಸಾಮಾನ್ಯವಾಗಿ ಆರು ತಿಂಗಳು ದಾಟಿದ ಮೇಲೆ ಮಗು ಬಿಳಚಿಕೊಳ್ಳೋಕೆ ಶುರುವಾಗೋದು ಇದಕ್ಕೇ.

ಗಾಮಾ ಜೀನ್ ಎಲ್ಲೂ ಹೋಗಿಲ್ಲ. ಅದನ್ನ ಅದುಮಿ ಇಟ್ಟಿರೋದು ಮುಖ್ಯವಾಗಿ ಬಿಸಿಎಲ್11ಎ ಅನ್ನೋ ಪ್ರೋಟೀನ್. ರಕ್ತದ ಮೂಲಕೋಶಗಳಲ್ಲಿ ಕ್ರಿಸ್ಪರ್ ಅನ್ನೋ ಜೀನ್ ಕತ್ತರಿಯಿಂದ ಆ ಪ್ರೋಟೀನ್‌ನ ಸ್ವಿಚ್ ಕೆಡಿಸಿ, ಗಾಮಾ ಮತ್ತೆ ಎಬ್ಬಿಸೋ ಚಿಕಿತ್ಸೆಗೆ 2023ರ ನವೆಂಬರ್‌ನಲ್ಲಿ ಬ್ರಿಟನ್ ಅನುಮತಿ ಕೊಡ್ತು. ಬೆಲೆ ನಮ್ಮ ಕೈಗೆಟಕೋದಲ್ಲ, ಕಿಮೋಥೆರಪಿಯೂ ಬೇಕು. ಹೊಂದೋ ಅಣ್ಣತಮ್ಮ, ಅಕ್ಕತಂಗಿ ದಾನಿ ಇದ್ರೆ ಮಜ್ಜೆ ಕಸಿ ಇಲ್ಲೇ ಆಗುತ್ತೆ. ಮಜ್ಜೆ ಹೊಂದುತ್ತಾ ಅಂತ ನೋಡೋ ಎಚ್‌ಎಲ್‌ಎ ಟೆಸ್ಟ್ ಮಾಡಿಸಿದ್ದೀರಾ ಅಂತ ಅಪ್ಪನ್ನ ಕೇಳು.

ನ್ಯೂಜೆರ್ಸಿ_ಕನ್ನಡಿಗ:
ಸ್ಪ್ಲೈಸಿಂಗನ್ನೇ ಸರಿ ಮಾಡೋ ಔಷಧ ಇದೆ, ಇಲ್ಲಿ ಒಂದು ಮನೆಯಲ್ಲಿ ಹತ್ತಿರದಿಂದ ನೋಡಿದೀನಿ. ಎಸ್‌ಎಂಎ ಅನ್ನೋ ಸ್ನಾಯು ಕಾಯಿಲೆಗೆ. ಹದಿನಾರು ಕೋಟಿ ಇಂಜೆಕ್ಷನ್ ಅಂತ ಕನ್ನಡ ಟಿವಿಯಲ್ಲೂ ಬಂದಿತ್ತಲ್ಲ, ಅದೇ.

ಬೆಂಚ್_ಮುಂದೆ:
ಕಾಯಿಲೆ ಅದೇ, ಔಷಧ ಬೇರೆ. ಹದಿನಾರು ಕೋಟಿಯದ್ದು ವೈರಸ್ ಮೂಲಕ ಇಡೀ ಜೀನ್ ಕೊಡೋ ಜೀನ್ ಥೆರಪಿ. ನೀವು ಹೇಳ್ತಿರೋ ಸ್ಪ್ಲೈಸಿಂಗ್ ಔಷಧ ನುಸಿನೆರ್ಸೆನ್, ಬೆನ್ನುಹುರಿಯ ದ್ರವಕ್ಕೆ ಚುಚ್ಚೋದು, ಅಮೆರಿಕದಲ್ಲಿ 2016ರ ಕೊನೆಗೆ ಒಪ್ಪಿಗೆ ಆಯ್ತು. ಎಸ್‌ಎಂಎನ್2 ಜೀನ್‌ನ 7ನೇ ಎಕ್ಸಾನ್ ಸ್ಪ್ಲೈಸಿಂಗ್‌ನಲ್ಲಿ ಬಿಟ್ಟುಹೋಗ್ತಿರುತ್ತೆ. ಈ ಔಷಧ ಪಕ್ಕದ ಇಂಟ್ರಾನ್‌ನಲ್ಲಿ ಹೋಗಿ ಅಂಟಿಕೊಂಡು ಅದನ್ನ ಉಳಿಸುತ್ತೆ. ಬಾಯಲ್ಲಿ ತಗೊಳ್ಳೋ ರಿಸ್ಡಿಪ್ಲಾಂ 2020ರಲ್ಲಿ ಬಂತು.

ಥಲಸ್ಸೀಮಿಯಾದಲ್ಲೂ ಐವಿಎಸ್ 2-654 ಅನ್ನೋ ಮ್ಯುಟೇಷನ್‌ಗೆ (ಚೀನಾ ಕಡೆ ಹೆಚ್ಚು) ಇಂಥದ್ದು ಲ್ಯಾಬ್‌ನ ಕೋಶಗಳಲ್ಲಿ ಕೆಲಸ ಮಾಡಿದೆ. ಅಲ್ಲಿ ಇಂಟ್ರಾನ್ ಮಧ್ಯೆ ಒಂದು ಕಳ್ಳ ಜಾಗ ಹುಟ್ಟಿಕೊಂಡಿದೆ, ಅದನ್ನ ಮುಚ್ಚಿದ್ರೆ ಸಾಕು, ಅಸಲಿ ಜಾಗಗಳು ಗಟ್ಟಿಯಾಗೇ ಇವೆ. 1-5ರಲ್ಲಿ ಅಸಲಿ ಜಾಗವೇ ಸಡಿಲ. ಕಳ್ಳ ಜಾಗ ಮೂರೂ ಮುಚ್ಚಿದ್ರೂ ಯು1 ಕೂರಬೇಕಲ್ಲ.

ಕರಾವಳಿ_ಅಕ್ಕ:
ಬೇರೆ ವಿಷಯ ಅಂದುಕೊಳ್ಬೇಡಿ. ನಮ್ಮ ತಂಗಿಗೆ ರಕ್ತ ಕಮ್ಮಿ ಅಂತ ಎಷ್ಟು ಕಬ್ಬಿಣದ ಮಾತ್ರೆ ಕೊಟ್ರೂ ಏರುದಿಲ್ಲ. ಎಂಸಿವಿ (ಕೆಂಪು ಕಣದ ಗಾತ್ರ) ಕಮ್ಮಿ ಉಂಟು. ಮದುವೆ ನಿಶ್ಚಯ ಆಗಿದೆ. ಇದನ್ನೆಲ್ಲ ಓದಿ ಹೆದರಿಕೆ ಆಗ್ತಾ ಉಂಟು.

ಮಕ್ಕಳ_ಡಾಕ್ಟ್ರು:
ಹೆದರಬೇಡಿ, ಆದ್ರೆ ಟೆಸ್ಟ್ ಮದುವೆಗೆ ಮೊದಲೇ ಮಾಡಿಸಿ. ಎಚ್‌ಪಿಎಲ್‌ಸಿ (ಹಿಮೋಗ್ಲೋಬಿನ್‌ನ ಬಗೆಗಳನ್ನ ಅಳೆಯೋ ರಕ್ತ ಪರೀಕ್ಷೆ) ಅಂತ ಕೇಳಿ, ಹಿಮೋಗ್ಲೋಬಿನ್ ಎ2 ಶೇ. 3.5ಕ್ಕಿಂತ ಜಾಸ್ತಿ ಇದ್ರೆ ಬೀಟಾ ವಾಹಕರು ಇರಬಹುದು. ಕಬ್ಬಿಣದ ಕೊರತೆ ಇದ್ರೆ ಎ2 ಸುಳ್ಳಾಗಿ ಕಮ್ಮಿ ತೋರಿಸಬಹುದು, ಅದಕ್ಕೆ ಫೆರಿಟಿನ್ (ದೇಹದಲ್ಲಿ ಕಬ್ಬಿಣ ಎಷ್ಟಿದೆ ಅಂತ ತೋರಿಸುತ್ತೆ) ಕೂಡ ನೋಡಿಸಿ. ವಾಹಕರಿಗೆ ಕಾಯಿಲೆ ಇಲ್ಲ, ಮದುವೆ ನಿಲ್ಲಿಸೋ ಮಾತೇ ಬೇಡ. ಹುಡುಗನಿಗೂ ಅದೇ ಟೆಸ್ಟ್ ಮಾಡಿಸಿ. ಇಬ್ಬರೂ ವಾಹಕರಾಗಿದ್ರೆ ಮಾತ್ರ ಪ್ರತಿ ಗರ್ಭಕ್ಕೂ ಮಗುವಿಗೆ ಕಾಯಿಲೆ ಬರೋ ಶೇ. 25 ಸಾಧ್ಯತೆ, ಆಗ 11ನೇ ವಾರದಿಂದ ಸಿವಿಎಸ್ (ಗರ್ಭದ ಮಾಸಿನ ಚೂರು ತೆಗೆದು ನೋಡೋ) ಪರೀಕ್ಷೆ ಆಗುತ್ತೆ.

ಧಾರವಾಡ_ಮಳಿ:
ಅಕ್ಕಾರ, ದಯವಿಟ್ಟು ಮಾಡಸ್ರಿ. ನಮ್ಮದು ಸಂಬಂಧದಾಗ ಮದುವಿ, ಅಕ್ಕನ ಮಗಳನ್ನ ಮಾಡಕೊಂಡೇನಿ. ಆಗ ಯಾರೂ ಇಂಥಾ ಟೆಸ್ಟ್ ಐತಿ ಅಂತ ಹೇಳಲಿಲ್ಲ. ನಮ್ಮ ಬಳಗದಾಗ ಈಗ ಎಲ್ಲಾರಿಗೂ ಹೇಳಿ ಮಾಡಸಾಕತ್ತೇನಿ. ಡಾಕ್ಟರ್, ಎಚ್‌ಎಲ್‌ಎ ಮಗನಿಗೆ ಮಾಡಸಿಲ್ಲ, ಮುಂದಿನ ಸಲ ಕೇಳ್ತೀನಿ.

ಮಗಳು ಇಲ್ಲೇ ಕುಂತಾಳ, ಆಕಿನ ಟೈಪ್ ಮಾಡ್ತಾಳಂತ:

ನಮಸ್ತೆ. ಬೆಂಚ್_ಮುಂದೆ ಸರ್, ನನ್ನ ಇಂಟ್ರಾನ್‌ನಲ್ಲಿ ಜಿ ಬದಲು ಸಿ ಇದೆ, ಅದಕ್ಕೇ ಯು1ನ ಸಿ ಜೊತೆ ಕೂಡಲ್ಲ. ಹಾಗಾದ್ರೆ ಯು1ನಲ್ಲೇ ಆ ಸಿ ತೆಗೆದು ಜಿ ಹಾಕಿದ್ರೆ? ನನ್ನ ಸಿ ಎದುರು ಜಿ ಬರುತ್ತಲ್ವಾ?

ಬೆಂಚ್_ಮುಂದೆ:
ನಿನ್ನ ಯೋಚನೆ ಪೂರ್ತಿ ಸರಿ. ಇದೇ ತರ್ಕವನ್ನ 1986ರಲ್ಲಿ ಯುವಾನ್ ಝುವಾಂಗ್ ಮತ್ತು ಆಲನ್ ವೈನರ್ ಮಾಡಿ ತೋರಿಸಿದ್ರು. ಅಡಿನೋವೈರಸ್‌ನ ಒಂದು ಜೀನ್‌ನಲ್ಲಿ ಸ್ಪ್ಲೈಸ್ ಜಾಗ ಕೆಡಿಸಿ, ಅದಕ್ಕೆ ಹೊಂದೋ ಹಾಗೆ ಬದಲಾಯಿಸಿದ ಯು1 ಕೊಟ್ರು. ಸ್ಪ್ಲೈಸಿಂಗ್ ಮತ್ತೆ ಶುರುವಾಯ್ತು. ಯು1 ನಿಜವಾಗಿ ಅಕ್ಷರ ಜೋಡಿಸಿಯೇ ಗುರುತು ಹಿಡಿಯುತ್ತೆ ಅನ್ನೋದಕ್ಕೆ ಅದು ನೇರ ಪುರಾವೆ ಆಯ್ತು.

ತೊಡಕು ಏನಂದ್ರೆ, ನಿನ್ನ ಸಾವಿರಾರು ಬೇರೆ ಜೀನ್‌ಗಳಿಗೂ ಅದೇ ಯು1 ಬೇಕು. ಇರೋದನ್ನ ಬದಲಾಯಿಸಿದ್ರೆ ಅವೆಲ್ಲ ಕೆಡುತ್ತವೆ. ಆದ್ದರಿಂದ ಇರೋದನ್ನ ಮುಟ್ಟದೆ, ಬದಲಾದ ಯು1ನ ಒಂದು ಪ್ರತಿ ಹೆಚ್ಚುವರಿಯಾಗಿ ಹಾಕಬೇಕು. ಅದು ಹೋಗಿ ಬೇರೆ ಯಾವ ಜೀನ್‌ನಲ್ಲಿ ಕಳ್ಳ ಜಾಗ ಹಿಡಿಯುತ್ತೆ ಅಂತಲೂ ನೋಡಬೇಕು.

ಧಾರವಾಡ_ಮಳಿ:
(ಮಗಳು) ಹೆಚ್ಚುವರಿ ಯು1ನ ಮೂಲಕೋಶದೊಳಗೆ ಹೇಗೆ ಕಳಿಸ್ತಾರೆ? ಮತ್ತೆ ಅದು ಎಷ್ಟು ತಯಾರಾಗಬೇಕು ಅಂತ ಯಾರು ತೀರ್ಮಾನ ಮಾಡೋದು?

ಬೆಂಚ್_ಮುಂದೆ:
ಕಳಿಸೋದಕ್ಕೆ ಪಳಗಿಸಿದ ಲೆಂಟಿವೈರಸ್ ಬಳಸಬಹುದು, ಬೀಟಾ ಗ್ಲೋಬಿನ್ ಜೀನ್ ಥೆರಪಿಯಲ್ಲೂ ಅದನ್ನೇ ಬಳಸ್ತಾರೆ. ಎಷ್ಟು ತಯಾರಾಗಬೇಕು ಅನ್ನೋದನ್ನ ಹೇಳೋದು ಪ್ರೊಮೋಟರ್, ಅಂದ್ರೆ ಜೀನ್ ಮುಂದಿರೋ ಸ್ವಿಚ್ಚಿನಂಥ ಭಾಗ. ಅದಕ್ಕೊಂದು ಹೊಸ ಎಳೆ ತೆಗೆ, ಚಿತ್ರ ಬಿಡಿಸಿ ಹಾಕ್ತೀನಿ.